ಆರ್ಗೇನಿಯನ್ನರ ಅಹಿಂಸೆ: ಶಕ್ತಿಯ ಲೆಕ್ಕ

ಅಮೆರಿಕದ ‘ಸ್ಟಾರ್ ಟ್ರೆಕ್’ ಟಿ.ವಿ. ಸರಣಿಯ ‘ಎರಂಡ್ ಆಫ್ ಮರ್ಸಿ’ ಕಂತು 1967ರಲ್ಲಿ ಪ್ರಸಾರವಾಯಿತು. ಅದರಲ್ಲಿ ಕ್ಲಿಂಗನ್ನರು ಆರ್ಗೇನಿಯಾ ಗ್ರಹವನ್ನು ಆಕ್ರಮಿಸುತ್ತಾರೆ. ಅಲ್ಲಿಯ ಜನ ಅಹಿಂಸಾವಾದಿಗಳು. ಭೂಮಿಯ ನೌಕಾನಾಯಕ ಕರ್ಕ್ ಕೊಡಲು ಬಂದ ನೆರವನ್ನೂ ಒಲ್ಲೆವೆನ್ನುತ್ತಾರೆ. ಕೊನೆಗೆ ಎರಡೂ ಪಕ್ಷಗಳ ಆಯುಧಗಳು ಮುಟ್ಟಲಾಗದಷ್ಟು ಕಾದು ಯುದ್ಧ ನಿಲ್ಲುತ್ತದೆ. ಆರ್ಗೇನಿಯನ್ನರು ದೇಹವಿಲ್ಲದ, ಶುದ್ಧ ಶಕ್ತಿರೂಪದ ಜೀವಿಗಳೆಂದು ಆಗ ತಿಳಿಯುತ್ತದೆ.

ಒಂದು ಕಿಲೋಗ್ರಾಂ ಉಕ್ಕಿನ ತಾಪವನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು 50 ಕಿಲೋಜೂಲ್ ಶಕ್ತಿ ಬೇಕು. ಎರಡು ನೌಕಾಪಡೆಗಳಿಗೂ ಏಕಕಾಲಕ್ಕೆ ಅದು ಎಲ್ಲಿಂದ ಬಂತು? ಕಥೆ ಹೇಳುವುದಿಲ್ಲ. ಈ ಲೋಪ ಕಥೆಯ ನೀತಿಗೂ ತಟ್ಟುತ್ತದೆ. ಕ್ಲಿಂಗನ್ನರು ಕೊಂದೆವೆಂದುಕೊಂಡ ಇನ್ನೂರು ಮಂದಿಯಲ್ಲಿ ಒಬ್ಬರೂ ಸತ್ತಿಲ್ಲ! ಸಾವೇ ಇಲ್ಲದವರ ಅಹಿಂಸೆ ಪರೀಕ್ಷೆಗೆ ಒಳಗಾಗುವುದಿಲ್ಲ.

ಮನುಷ್ಯರಿಗೆ ಈ ಸೌಲಭ್ಯವಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನೇ ನೋಡಿ. ಅಹಿಂಸೆಯೇ ಪರಮಧರ್ಮವೆನ್ನುವವರ ಮೇಗುತಿ ಜಿನಾಲಯದ ಗೋಡೆಯ ಮೇಲೆ, ರವಿಕೀರ್ತಿಯ 634ರ ಶಾಸನ ಇಮ್ಮಡಿ ಪುಲಕೇಶಿಯ ಯುದ್ಧವಿಜಯಗಳನ್ನು ಹೊಗಳುತ್ತದೆ. ಅಹಿಂಸೆಗೆ ಅಲ್ಲಿ ಅರಸನ ಕತ್ತಿಯ ಆಸರೆಯಿತ್ತು. ಸುಮಾರು 642ರಲ್ಲಿ ಪಲ್ಲವರು ಬಾದಾಮಿಯನ್ನು ಗೆದ್ದಾಗ ಆ ಆಸರೆಯೂ ಕುಸಿಯಿತು.

ಈ ಕಂತನ್ನು ತರಗತಿಯಲ್ಲಿ ಚರ್ಚಿಸುವ ಶಿಕ್ಷಕರು ಎರಡು ಪ್ರಶ್ನೆ ಕೇಳಬಹುದು. ಆಯುಧಗಳನ್ನು ಕಾಯಿಸಿದ ಶಕ್ತಿ ಎಲ್ಲಿಯದು? ಆ ಶಕ್ತಿ ಇಲ್ಲದಿದ್ದರೆ ಆರ್ಗೇನಿಯನ್ನರು ಏನು ಮಾಡುತ್ತಿದ್ದರು? ಎರಡನೆಯದೇ ಕಠಿಣ.