ಪಾದರಕ್ಷೆಯೊಳಗಿನ ಹರಳು

ಸಂತರ ಚರಿತ್ರೆಗಳನ್ನು ಬರೆಯುವವರು ಸಾಮಾನ್ಯವಾಗಿ ಅವರ ಶೋಧನೆಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿ ಅದ್ಭುತಗಳತ್ತ ಧಾವಿಸುತ್ತಾರೆ. ಓದುವ ನಾವೂ ಅದಕ್ಕೆ ಒಗ್ಗಿಹೋಗಿದ್ದೇವೆ. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲರ ಆತ್ಮಕಥೆ ಈ ರೂಢಿಗೆ ಹೊರತಾದ ಕೃತಿ. 1553ರಿಂದ 1555ರ ಅವಧಿಯಲ್ಲಿ ರೋಮಿನಲ್ಲಿ ಅವರು ಬಾಯಲ್ಲಿ ಹೇಳಿದ್ದನ್ನು ಲೂಯಿಸ್ ಗೊನ್ಸಾಲ್ವೆಸ್ ಡ ಕಾಮರ ಎಂಬ ಪೋರ್ಚುಗೀಸ್ ಗುರು ನೆನಪಿಟ್ಟು ಬರೆಸಿದ ಪುಟ್ಟ ಪುಸ್ತಕವಿದು. ಹೇಳುವವರು ತಮ್ಮನ್ನು ‘ನಾನು’ ಎಂದು ಕರೆದುಕೊಳ್ಳುವುದಿಲ್ಲ, ‘ಯಾತ್ರಿಕ’ ಎನ್ನುತ್ತಾರೆ. ಬೇರೊಬ್ಬನ ಕಥೆಯನ್ನು ಹೇಳುವವರಂತೆ ತಮ್ಮ ಕಥೆಯನ್ನು ಹೇಳುತ್ತಾರೆ. ಈ ಪುಸ್ತಕದಲ್ಲಿ ಮನ್ರೇಸ ಪಟ್ಟಣದ ವಾಸವನ್ನು ಕುರಿತ ಕೆಲವು ಪುಟಗಳಿವೆ. ತನ್ನನ್ನು ತಾನೇ ಕ್ಷಮಿಸಿಕೊಳ್ಳಲಾರದ ಮನುಷ್ಯನ ಒಳಗನ್ನು ಇಷ್ಟು ನಿರಾಡಂಬರವಾಗಿ ತೋರಿಸುವ ಬರಹಗಳು ವಿರಳ.

ಹಿನ್ನೆಲೆ ಅನೇಕರಿಗೆ ತಿಳಿದದ್ದೇ. 1521ರ ಮೇ ತಿಂಗಳಲ್ಲಿ ಪಾಂಪ್ಲೋನದ ಕೋಟೆಯನ್ನು ಕಾಯುತ್ತಿದ್ದಾಗ ಫಿರಂಗಿಯ ಗುಂಡು ತಗುಲಿ ಅವರ ಕಾಲು ಮುರಿಯಿತು. ಹಾಸಿಗೆಯಲ್ಲಿದ್ದಾಗ ಓದಿದ ಕ್ರಿಸ್ತಚರಿತ್ರೆ ಮತ್ತು ಸಂತರ ಕಥೆಗಳು ಮನಸ್ಸನ್ನು ತಿರುಗಿಸಿದವು. 1522ರ ಮಾರ್ಚಿನಲ್ಲಿ ಮೊಂಟ್ಸೆರಾತ್ ಮಠಕ್ಕೆ ಹೋಗಿ, ಇಡೀ ಬದುಕಿನ ಪಾಪಗಳನ್ನು ಬರೆದುಕೊಂಡು, ಮೂರು ದಿನಗಳ ಕಾಲ ಪಾಪನಿವೇದನೆ ಮಾಡಿದರು. ಖಡ್ಗ ಕಠಾರಿಗಳನ್ನು ಮಾತೆ ಮರಿಯಮ್ಮನವರ ಪೀಠದ ಬಳಿ ಬಿಟ್ಟು, ಗೋಣಿಬಟ್ಟೆಯುಟ್ಟು ಮನ್ರೇಸಕ್ಕೆ ಬಂದರು. ಸಾಧಾರಣ ಚರಿತ್ರೆಕಾರನಾಗಿದ್ದರೆ ಪರಿವರ್ತನೆ ಇಲ್ಲಿಗೆ ಪೂರ್ಣವಾಯಿತೆಂದು ಅಧ್ಯಾಯ ಮುಗಿಸುತ್ತಿದ್ದ. ಇಗ್ನೇಷಿಯಸರು ಮುಗಿಸುವುದಿಲ್ಲ. ಅಷ್ಟು ಶ್ರದ್ಧೆಯಿಂದ ಪಾಪನಿವೇದನೆ ಮಾಡಿದ ಮೇಲೂ ಯಾವುದೋ ಒಂದು ಪಾಪ ಹೇಳದೆ ಉಳಿದಿದೆ ಎಂಬ ಶಂಕೆ ಯಾತ್ರಿಕನನ್ನು ಹಿಡಿಯಿತು. ಮತ್ತೆ ನಿವೇದಿಸಿದರೂ ಸಮಾಧಾನವಿಲ್ಲ. ಮಗದೊಮ್ಮೆ ನಿವೇದಿಸಿದರೂ ಇಲ್ಲ.

ಇಂಥ ಶಂಕೆಗೆ ಧರ್ಮಸಭೆಯ ಹಳೆಯ ಗ್ರಂಥಗಳಲ್ಲಿ ಬಳಕೆಯಾಗುವ ಲತೀನ್ ಪದದ ಮೂಲಾರ್ಥ, ಚೂಪಾದ ಸಣ್ಣ ಕಲ್ಲು. ಪಾದರಕ್ಷೆಯೊಳಗೆ ಸೇರಿಕೊಂಡ ಹರಳು ಎನ್ನೋಣ. ಹೊರಗಿನವರ ಕಣ್ಣಿಗೆ ಅದು ಕಾಣದು. ನಡೆಯುವವನಿಗೆ ಮಾತ್ರ ಹೆಜ್ಜೆಹೆಜ್ಜೆಗೂ ಚುಚ್ಚುತ್ತದೆ.

ಈ ಪುಟಗಳಲ್ಲಿ ನನಗೆ ಅತ್ಯಂತ ಮಾರ್ಮಿಕವೆನಿಸುವುದು ಒಂದು ಚಿಕ್ಕ ಸಂಗತಿ. ನೆನಪಿರುವುದೆಲ್ಲವನ್ನೂ ಬರೆದು ತರುವಂತೆ ಪ್ರಧಾನಾಲಯದ ಬೋಧಕರೊಬ್ಬರು ಮೊದಲು ಹೇಳಿದರು. ಬರೆದು ತಂದದ್ದಾಯಿತು, ಶಂಕೆ ಇನ್ನೂ ಸೂಕ್ಷ್ಮವಾಯಿತು. ಹಳೆಯದನ್ನು ಇನ್ನು ಹೇಳಲೇಬೇಡವೆಂದು ಪಾಪನಿವೇದನೆ ಕೇಳುವ ಗುರುಗಳು ಆಜ್ಞಾಪಿಸಿದರೆ ತಾನು ಬದುಕಿಕೊಂಡೇನೆಂದು ಯಾತ್ರಿಕನಿಗೆ ಅನಿಸುತ್ತಿತ್ತು. ಅದನ್ನು ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಕೇಳದೆಯೇ ಗುರುಗಳು ಆ ಮಾತನ್ನು ಹೇಳಿದರು. ಆದರೆ ಒಂದು ವಿನಾಯಿತಿ ಸೇರಿಸಿದರು: ಅತ್ಯಂತ ಸ್ಪಷ್ಟವಾದ ಪಾಪವಿದ್ದರೆ ಮಾತ್ರ ಹೇಳಬಹುದು. ಯಾತ್ರಿಕನಿಗೋ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಹೀಗಾಗಿ ಆಜ್ಞೆಯಿಂದ ಏನೂ ಪ್ರಯೋಜನವಾಗಲಿಲ್ಲ. ತನ್ನನ್ನೇ ತಾನು ನಿಂದಿಸಿಕೊಳ್ಳುವ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲಾಗದು. ಅದಕ್ಕೆ ಒಂದು ಬಿರುಕು ಸಾಕು, ಎಲ್ಲವನ್ನೂ ಅದರೊಳಗೇ ನುಗ್ಗಿಸುತ್ತದೆ. ಪಾಪನಿವೇದನೆ ಕೇಳುವ ನಾವು ಗುರುಗಳು ಇದನ್ನು ಗಮನಿಸಬೇಕು. ಸದುದ್ದೇಶದಿಂದಲೇ ಆಡಿದ ಒಂದು ‘ಆದರೆ’ ಇಂಥವರ ಪಾಲಿಗೆ ಇಡೀ ವಾರದ ನಿದ್ದೆಗೆಡಿಸಬಲ್ಲುದು.

ಕಥೆ ಮುಂದೆ ಇನ್ನೂ ಕಠಿಣವಾಗುತ್ತದೆ. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಆ ಮನುಷ್ಯನಿಗೆ ಜೀವವನ್ನೇ ಕಳೆದುಕೊಳ್ಳುವ ಪ್ರೇರಣೆ ಮತ್ತೆಮತ್ತೆ ಬಂತು. ಅದು ಪಾಪವೆಂದು ತಿಳಿದು, ಪ್ರಭುವೇ, ನಿಮ್ಮ ಮನ ನೋಯಿಸುವುದನ್ನು ಮಾಡೆನು ಎಂದು ಕೂಗಿಕೊಂಡರಂತೆ. ಆಮೇಲೆ, ಬೇಡಿದ್ದು ಸಿಗುವವರೆಗೆ ಊಟ ಬಿಟ್ಟ ಸಂತನೊಬ್ಬನ ಕಥೆ ನೆನಪಾಗಿ, ಒಂದು ವಾರ ಏನನ್ನೂ ಬಾಯಿಗೆ ಹಾಕಲಿಲ್ಲ. ಗುರುಗಳು ಉಪವಾಸ ಮುರಿಯಿರೆಂದಾಗ ವಿಧೇಯರಾದರು. ಎರಡು ದಿನ ಮನಸ್ಸು ಹಗುರವಾಯಿತು. ಮೂರನೆಯ ದಿನ ಪ್ರಾರ್ಥನೆಯಲ್ಲಿ ಒಂದೊಂದೇ ಪಾಪ ನೆನಪಾಗತೊಡಗಿ, ನೂಲಿನಂತೆ ಒಂದರ ಹಿಂದೆ ಇನ್ನೊಂದು ಎಳೆದುಕೊಂಡು ಬಂತು. ಇದನ್ನೆಲ್ಲ ಹೇಳುತ್ತಿದ್ದಾಗ ಅವರು ಅರವತ್ತು ದಾಟಿದ ಮುದುಕರು, ಒಂದು ದೊಡ್ಡ ಸಭೆಯ ಮಹಾಶ್ರೇಷ್ಠರು. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ.

ಬಿಡುಗಡೆಯ ಪ್ರಸಂಗಕ್ಕೆ ಬಂದಾಗ ಮಾತ್ರ ಕೃತಿ ನಮ್ಮನ್ನು ಸ್ವಲ್ಪ ನಿರಾಶೆಗೊಳಿಸುತ್ತದೆ. ನಿದ್ದೆಯಿಂದ ಎಬ್ಬಿಸಿದಂತೆ ಪ್ರಭು ಎಬ್ಬಿಸಿದರು, ಆ ದಿನದಿಂದ ಹಳೆಯ ಪಾಪಗಳನ್ನು ಮತ್ತೆ ನಿವೇದಿಸದಿರಲು ನಿಶ್ಚಯಿಸಿದರು, ಶಂಕೆ ತೊಲಗಿತು, ಇಷ್ಟೇ. ಕಷ್ಟಕ್ಕೆ ಪುಟಗಳು, ಪರಿಹಾರಕ್ಕೆ ನಾಲ್ಕು ಸಾಲು. ನಾನಾದರೋ ಇಲ್ಲಿ ಸೇರಿರುವ ಒಂದು ಉಪವಾಕ್ಯಕ್ಕೆ ಬೆಲೆ ಕೊಡುತ್ತೇನೆ: ಆ ಶಂಕೆ ಯಾವ ದಾರಿಯಲ್ಲಿ ತನ್ನೊಳಗೆ ಬಂತೆಂದು ಯಾತ್ರಿಕ ನೋಡತೊಡಗಿದನಂತೆ. ಅಲ್ಲಿಯವರೆಗೆ ಅವನು ಕೇಳುತ್ತಿದ್ದ ಪ್ರಶ್ನೆ, ನಾನು ತಪ್ಪಿತಸ್ಥನೇ ಎಂಬುದು. ಆ ಪ್ರಶ್ನೆಗೆ ಕೊನೆಯೇ ಇಲ್ಲ. ಈಗ ಕೇಳಿದ್ದು, ಈ ಧ್ವನಿ ಯಾರದು, ಇದು ನನ್ನನ್ನು ಎತ್ತ ಒಯ್ಯುತ್ತಿದೆ ಎಂದು. ಪ್ರಾರ್ಥನೆಯತ್ತ, ನೆರೆಯವರ ಸೇವೆಯತ್ತ ಒಯ್ಯುತ್ತಿಲ್ಲ. ಹಿಡಿದ ದಾರಿಯ ಮೇಲೆಯೇ ಜುಗುಪ್ಸೆ ಹುಟ್ಟಿಸುತ್ತಿದೆ. ಹಾಗಾದರೆ ಅದು ಪವಿತ್ರಾತ್ಮರ ಧ್ವನಿಯಲ್ಲ.

ಆತ್ಮಕಥೆಯಲ್ಲಿ ಸಿಗದ ವಿವರಣೆ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದ ಕೊನೆಯಲ್ಲಿ ಸಿಗುತ್ತದೆ. 1548ರಲ್ಲಿ ಮೂರನೆಯ ಪೌಲ ಜಗದ್ಗುರುಗಳ ಅನುಮೋದನೆ ಪಡೆದ ಗ್ರಂಥವದು. ನೆಲದ ಮೇಲೆ ಶಿಲುಬೆಯಾಕಾರದಲ್ಲಿ ಬಿದ್ದ ಎರಡು ಹುಲ್ಲುಕಡ್ಡಿಗಳನ್ನು ಅರಿಯದೆ ತುಳಿದವನು ತಾನು ಪಾಪ ಮಾಡಿದೆನೆಂದು ತೀರ್ಮಾನಿಸಿದರೆ ಅದು ಬರೀ ತಪ್ಪು ತೀರ್ಮಾನ. ಪಾಪ ಮಾಡಿದೆನೆಂದೂ ಮಾಡಲಿಲ್ಲವೆಂದೂ ಮನಸ್ಸು ತೂಗಾಡಿ ಕದಡಿದರೆ ಅದು ನಿಜವಾದ ಶಂಕೆ. ಆಶ್ಚರ್ಯವೆಂದರೆ, ಎರಡನೆಯದು ಸ್ವಲ್ಪ ಕಾಲದ ಮಟ್ಟಿಗೆ ಆತ್ಮವನ್ನು ಶುದ್ಧಿಗೊಳಿಸುತ್ತದೆ ಎಂಬುದನ್ನೂ ಅವರು ಒಪ್ಪುತ್ತಾರೆ. ‘ಸ್ವಲ್ಪ ಕಾಲ’ ಎಂಬುದಕ್ಕೆ ಒತ್ತು. ಒರಟು ಮನಸ್ಸನ್ನು ಇನ್ನಷ್ಟು ಒರಟಾಗಿಸುವ ವೈರಿಯೇ ಸೂಕ್ಷ್ಮ ಮನಸ್ಸನ್ನು ಮಿತಿಮೀರಿ ಸೂಕ್ಷ್ಮವಾಗಿಸುತ್ತಾನೆ ಎಂಬುದು ಅವರ ಎಚ್ಚರಿಕೆ.

ಇದೇ ಗ್ರಂಥದ ಬಗ್ಗೆ ಒಂದು ಆಕ್ಷೇಪವನ್ನೂ ಎತ್ತಬೇಕು. ಆರಿಸಿಕೊಂಡ ದೋಷವೊಂದರಲ್ಲಿ ಎಷ್ಟು ಸಲ ಬಿದ್ದೆವೆಂದು ಗೆರೆಗಳ ಮೇಲೆ ಚುಕ್ಕೆ ಹಾಕಿ, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡುವ ಕ್ರಮವನ್ನು ಅದು ಕಲಿಸುತ್ತದೆ. ಮನ್ರೇಸದಲ್ಲಿ ನರಳಿದವರೇ ಹೀಗೆ ಲೆಕ್ಕದ ಪುಸ್ತಕ ಇಡಲು ಹೇಳುವುದೇ? ಶಂಕಾಪೀಡಿತನ ಕೈಗೆ ಇದು ಮಾರಕವಾಗಬಹುದು. ಮಾರ್ಗದರ್ಶಕರಿಲ್ಲದೆ ಈ ಗ್ರಂಥವನ್ನು ಹಿಡಿಯಬಾರದೆನ್ನಲು ಇದೂ ಒಂದು ಕಾರಣ. ಆದರೆ ಆ ಲೆಕ್ಕ ಒಂದೇ ದೋಷಕ್ಕೆ ಸೀಮಿತ. ದಿನವಿಡೀ ನಡೆದುದನ್ನು ನೋಡುವ ಸಾಮಾನ್ಯ ಆತ್ಮಶೋಧನೆಯ ಮೊದಲ ಹೆಜ್ಜೆಯಾದರೋ ಪಾಪದ ಪಟ್ಟಿಯಲ್ಲ, ಪಡೆದ ವರಗಳಿಗಾಗಿ ದೇವರಿಗೆ ಕೃತಜ್ಞತೆ. ನಮ್ಮ ಕುಟುಂಬಗಳಲ್ಲಿ ರಾತ್ರಿಯ ಆತ್ಮಶೋಧನೆ ಎಂದರೆ ತಪ್ಪುಗಳ ಎಣಿಕೆಯೆಂದೇ ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ. ಮೊದಲ ಹೆಜ್ಜೆ ಎಲ್ಲಿ ಬಿಟ್ಟುಹೋಯಿತೋ ತಿಳಿಯದು.

ಪಾಪಭಯವಿಲ್ಲದ ಈ ಕಾಲದಲ್ಲಿ ಇಂಥ ಶಂಕೆ ಯಾರಿಗಿದೆ ಎಂದು ಕೆಲವರು ಕೇಳಬಹುದು. ಪಾಪದ ಹೆಸರು ಬದಲಾಗಿದೆ, ಹರಳು ಬದಲಾಗಿಲ್ಲ. ಪಿಯುಸಿಯಲ್ಲಿ ಅಂಕ ಕಡಿಮೆ ಬಂದ ಮಗಳು ತಾನೊಂದು ದಂಡವೆಂದು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಮಗ ಕುಡಿತಕ್ಕೆ ಬಿದ್ದರೆ, ತಾನು ಎಲ್ಲಿ ತಪ್ಪಿದೆನೆಂದು ತಾಯಿ ಇಪ್ಪತ್ತು ವರ್ಷಗಳ ಹಿಂದಿನ ಒಂದು ಏಟನ್ನು ನೆನೆದು ಅಳುತ್ತಾಳೆ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಯನ್ನು ಇಂಥವರ ಕಿವಿಯಲ್ಲಿ ಯಾರೂ ಹೇಳಬೇಕಾಗಿಲ್ಲ. ಅವರೇ ಹಗಲಿರುಳು ಹೇಳಿಕೊಳ್ಳುತ್ತಿರುತ್ತಾರೆ. ಬಾರ್ಸಿಲೋನದ ತೆರೇಸ ರೆಹಾದೆಲ್ ಎಂಬ ಸನ್ಯಾಸಿನಿಗೆ 1536ರ ಜೂನ್ 18ರಂದು ಬರೆದ ಪತ್ರದಲ್ಲಿ ಇಗ್ನೇಷಿಯಸರು ಇದನ್ನು ಸುಳ್ಳು ದೈನ್ಯವೆಂದು ಕರೆದರು. ವೈರಿ ದೇವರ ನ್ಯಾಯವನ್ನು ಮುಂದಿಟ್ಟು ಹೆದರಿಸಿದರೆ ನಾವು ದೇವರ ಕರುಣೆಯನ್ನು ಮುಂದಿಡಬೇಕು ಎಂಬುದು ಅಲ್ಲಿನ ಸಲಹೆ. ಮನ್ರೇಸ ಕಳೆದು ಹದಿಮೂರು ವರ್ಷಗಳಾಗಿದ್ದವು.

ಇಷ್ಟಾದರೂ ಈ ಕೃತಿಯನ್ನು ಚಿಕಿತ್ಸೆಯ ಪುಸ್ತಕವಾಗಿ ಓದಬಾರದು. ಒಂದೇ ಶಂಕೆ ಬಿಡದೆ ಮರುಕಳಿಸುವುದನ್ನು ವೈದ್ಯರು ಇಂದು ಗೀಳು ಕಾಯಿಲೆಯ ಒಂದು ಬಗೆಯೆಂದು ಗುರುತಿಸುತ್ತಾರೆ. ಆಪ್ತಸಲಹೆಗೂ ಔಷಧಿಗೂ ಅದು ಬಗ್ಗುತ್ತದೆ. ಬದುಕೇ ಬೇಡವೆನ್ನುವ ಮಾತು ಮನೆಯಲ್ಲಿ ಕೇಳಿಬಂದರೆ ನೊವೇನ ಮುಗಿಯಲೆಂದು ಕಾಯುವುದು ತರವಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಯಾತ್ರಿಕನ ವಿಪರೀತ ತಪಸ್ಸು ಅವನ ಆರೋಗ್ಯವನ್ನು ಜೀವಮಾನಕ್ಕೆ ಕೆಡಿಸಿತು. ತಮ್ಮ ಸಭೆಯ ಕಿರಿಯರು ಅದನ್ನು ಅನುಕರಿಸುವುದನ್ನು ಅವರೇ ಮುಂದೆ ತಡೆದರು.

ಈ ಪುಸ್ತಕಕ್ಕೆ ಒದಗಿದ ಗತಿಯೂ ವಿಚಿತ್ರ. ಅಧಿಕೃತ ಚರಿತ್ರೆ ಸಿದ್ಧವಾಗುತ್ತಿದ್ದಾಗ, 1567ರಲ್ಲಿ, ಹಸ್ತಪ್ರತಿಗಳನ್ನೆಲ್ಲ ಹಿಂದಕ್ಕೆ ಪಡೆಯಲಾಯಿತು. ಮೂಲಭಾಷೆಯ ಪಠ್ಯ ಅಚ್ಚಾಗಿ ಹೊರಬಂದುದು 1904ರಲ್ಲಿ. ಅದು ಹುಟ್ಟಿದ ಬಗೆಯನ್ನು ಕಾಮರ ಮುನ್ನುಡಿಯಲ್ಲಿ ಹೇಳಿದ್ದಾನೆ. 1553ರ ಆಗಸ್ಟ್ 4ರಂದು ಮನೆಯ ತೋಟದಲ್ಲಿ ಅವನು ತನ್ನ ಹೆಮ್ಮೆಯ ಶೋಧನೆಯನ್ನು ಇಗ್ನೇಷಿಯಸರ ಮುಂದೆ ತೋಡಿಕೊಂಡ. ಅವರು ಅವನನ್ನು ಗದರಲಿಲ್ಲ. ತಾವೂ ಎರಡು ವರ್ಷ ಅದೇ ಶೋಧನೆಯೊಡನೆ ಹೋರಾಡಿದ್ದಾಗಿ ಹೇಳಿದರು. ಒಂದೆರಡು ಗಂಟೆಯ ಬಳಿಕ ಊಟಕ್ಕೆ ಕುಳಿತಾಗ, ತಮ್ಮ ಕಥೆಯನ್ನೆಲ್ಲ ಅವನಿಗೆ ಹೇಳಲು ಮನಸ್ಸು ಮಾಡಿರುವುದಾಗಿ ತಿಳಿಸಿದರು.