ನೆಗೆಟಿವ್ ಕೂರುವ ಜಾಗದಲ್ಲಿ ಎಲ್‌ಸಿಡಿ

ಹಳೆಯ ಎನ್ಲಾರ್ಜರ್ ಗುಜರಿಗೆ ಹೋಗುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಲೆನ್ಸು ಚೆನ್ನಾಗಿರುತ್ತದೆ, ಕಂಬ ಗಟ್ಟಿಯಾಗಿರುತ್ತದೆ, ಕಾಗದ ಇಂದಿಗೂ ಸಿಗುತ್ತದೆ. ಇಲ್ಲದಿರುವುದು ನೆಗೆಟಿವ್ ಒಂದೇ. ಆ ಜಾಗಕ್ಕೊಂದು ಎಲ್‌ಸಿಡಿ ಫಲಕ ಕೂರಿಸಿದರೆ ಮೆಮೊರಿ ಕಾರ್ಡಿನಲ್ಲಿರುವ ಚಿತ್ರವೂ ಬೆಳ್ಳಿಯ ಕಾಗದದ ಮೇಲೆ ಮೂಡುತ್ತದೆ. ಇಂಗ್ಲೆಂಡಿನ ಡಿವಿಯರ್‌ನವರು 504 ಡಿಎಸ್ ಎನ್ಲಾರ್ಜರಿನಲ್ಲಿ ಮಾಡಿದ್ದು ಇದನ್ನೇ.

ಕಲರ್ ಲ್ಯಾಬುಗಳೂ ಈ ದಾರಿ ಹಿಡಿದಿದ್ದವು. 1996ರಲ್ಲಿ ಫ್ಯೂಜಿಯ ಫ್ರಾಂಟಿಯರ್ ಲೇಸರ್ ಕಿರಣದಿಂದ ಕಾಗದದ ಮೇಲೆ ಚಿತ್ರ ಬರೆಯತೊಡಗಿತು. ಅಷ್ಟು ದುಡ್ಡು ಸುರಿಯಲಾಗದವರಿಗೆ ಎಲ್‌ಸಿಡಿ ಅಗ್ಗದ ಉಪಾಯ. ಕಾಗದ ಅದೇ, ರಸಾಯನದ ತೊಟ್ಟಿಗಳೂ ಅವೇ, ಬದಲಾಗುವುದು ಬೆಳಕು ಬೀರುವ ತಲೆ ಮಾತ್ರ. ಇದಕ್ಕೆ ಬೇಕಾದದ್ದು ಬಣ್ಣವಿಲ್ಲದ ಕಪ್ಪು-ಬಿಳುಪು ಫಲಕ. ಅದರ ಹಿಂದಿನಿಂದ ಕೆಂಪು, ಹಸಿರು, ನೀಲಿ ಬೆಳಕನ್ನು ಒಂದಾದ ಮೇಲೊಂದರಂತೆ ಹಾಯಿಸಿದರೆ ಬಣ್ಣ ಕಾಗದದಲ್ಲೇ ಕೂಡಿಕೊಳ್ಳುತ್ತದೆ. ಪಿಕ್ಸೆಲ್‌ಗಳ ನಡುವಿನ ಕಪ್ಪುಗೆರೆಗಳು ಮಾತ್ರ ಸೊಳ್ಳೆಪರದೆಯ ಹಾಗೆ ಅಡ್ಡ ಬರುತ್ತವೆ. ಫಲಕವನ್ನು ಅರ್ಧ ಪಿಕ್ಸೆಲ್‌ನಷ್ಟು ಸರಿಸಿ ಮತ್ತೊಮ್ಮೆ ಬೆಳಕು ಕೊಡುವುದು ಅದಕ್ಕೆ ಮದ್ದು.

ಮನೆಯಲ್ಲಿ ಮಾಡಹೊರಟವರು ಸಾಮಾನ್ಯವಾಗಿ ಎಡವುವುದು ಲೆಕ್ಕದಲ್ಲಿ. ಮೊಬೈಲ್ ಪರದೆಯ ತುಂಡನ್ನು 35 ಎಂಎಂ ಎನ್ಲಾರ್ಜರಿಗೆ ತುರುಕಿ ನಿರಾಶರಾಗುತ್ತಾರೆ. ಪಿಕ್ಸೆಲ್ 50 ಮೈಕ್ರಾನ್ ಇದ್ದರೆ 36 ಮಿಲಿಮೀಟರ್ ಉದ್ದದಲ್ಲಿ ಹಿಡಿಸುವುದು 720 ಮಾತ್ರ. ಅದನ್ನು 12 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 60 ಪಿಕ್ಸೆಲ್, ಮುಖವೆಲ್ಲ ಚೌಕಳಿ. 4×5 ಇಂಚಿನ ಎನ್ಲಾರ್ಜರ್ ಇದ್ದರೆ ಕತೆಯೇ ಬೇರೆ. ರೆಸಿನ್ 3ಡಿ ಪ್ರಿಂಟರುಗಳಿಗೆಂದು ಬಂದ 5.5 ಇಂಚಿನ ಫಲಕದಲ್ಲಿ 2560×1440 ಪಿಕ್ಸೆಲ್ ಇರುತ್ತವೆ. ಉದ್ದ ಸುಮಾರು 121 ಮಿಲಿಮೀಟರ್, ಆ ಚೌಕಟ್ಟಿನೊಳಗೆ ಸಲೀಸಾಗಿ ಕೂರುತ್ತದೆ. ಹತ್ತು ಇಂಚು ಉದ್ದದ ಪ್ರಿಂಟಿನಲ್ಲಿ ಇಂಚಿಗೆ 256 ಪಿಕ್ಸೆಲ್ ಬಂದರೆ ಕಣ್ಣಿಗೆ ಇನ್ನೇನು ಬೇಕು? ಹಳೆಯ ಬಲ್ಬನ್ನು ಮಾತ್ರ ಕಿತ್ತು ಎಲ್‌ಇಡಿ ಹಾಕಿ. ಕಾವೇರಿದರೆ ದ್ರವ ಸ್ಫಟಿಕ ಬರೀ ದ್ರವವಾಗಿ ಚಿತ್ರವೇ ಅಳಿಸಿಹೋಗುತ್ತದೆ.

ಎಲ್‌ಸಿಡಿಯ ಕಪ್ಪು ನಿಜವಾದ ಕಪ್ಪಲ್ಲ, ಬೆಳಕು ಸೋರುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ಸೋರಲಿ ಬಿಡಿ. ಎರಡನೇ ಗ್ರೇಡಿನ ಕಾಗದ ಬಿಳಿಯಿಂದ ಕಪ್ಪಿಗೆ ತಿರುಗಲು ಬೆಳಕಿನಲ್ಲಿ ಹತ್ತು-ಹದಿನೈದು ಪಟ್ಟು ವ್ಯತ್ಯಾಸ ಸಾಕು. ಫಲಕ ಕೊಡುವುದು ನೂರಾರು ಪಟ್ಟು. ತೊಂದರೆ ಇರುವುದು ಬೇರೆ ಕಡೆ. ಅಷ್ಟು ಕಿರಿದಾದ ವ್ಯಾಪ್ತಿಯೊಳಗೆ ಫಲಕದ ಬೂದುಛಾಯೆಯ 256 ಮೆಟ್ಟಿಲುಗಳಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ, ನಯವಾದ ಆಕಾಶದಲ್ಲಿ ಪಟ್ಟೆಗಳೇಳುತ್ತವೆ. ಸ್ವಲ್ಪ ಸ್ವಲ್ಪವೇ ಬೇರೆಯಾದ ಎರಡು-ಮೂರು ಚಿತ್ರಗಳನ್ನು ಒಂದೇ ಕಾಗದದ ಮೇಲೆ ಸರದಿಯಲ್ಲಿ ಬೀಳಿಸಿದರೆ ಪಟ್ಟೆ ಕರಗುತ್ತದೆ.

ಇನ್ನೊಂದು ಪೀಡೆ ಮೂಲೆಗಳದ್ದು. ಮೂಲೆಯಿಂದ ಲೆನ್ಸಿಗೆ ಬೆಳಕು ಓರೆಯಾಗಿ ಸಾಗುತ್ತದೆ, ಓರೆಯಾದಷ್ಟೂ ಎಲ್‌ಸಿಡಿಯ ಬೂದುಛಾಯೆ ಹಾದಿ ತಪ್ಪುತ್ತದೆ. ಓರೆನೋಟದ ಈ ದೋಷಕ್ಕೆ ಪರದೆ ತಯಾರಕರು ಕಂಡುಕೊಂಡ ಪರಿಹಾರದ ಬೇರು ಬೆಂಗಳೂರಿನಲ್ಲಿದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅದುವರೆಗೆ ಕಡ್ಡಿಯಾಕಾರದವಷ್ಟೇ ಗೊತ್ತಿದ್ದವು. ಮುಂದೆ 1990ರ ದಶಕದಲ್ಲಿ ಅಂಥ ಬಿಲ್ಲೆ ಅಣುಗಳನ್ನು ತೆಳುವಾಗಿ ಬಳಿದು, ಪರದೆಗೆ ಅಂಟಿಸುವ ಫಿಲ್ಮ್ ಮಾಡಿದವರು ಯಾರೆಂದುಕೊಂಡಿರಿ? ಅದೇ ಫ್ಯೂಜಿ. ಬಳಿದದ್ದು ಟ್ರೈ ಅಸಿಟೇಟ್ ಹಾಳೆಯ ಮೇಲೆ, ಅಂದರೆ ಕ್ಯಾಮೆರಾ ರೋಲಿಗೆ ತಳವಾಗಿದ್ದ ವಸ್ತುವಿನ ಮೇಲೆಯೇ.

ಬಣ್ಣದ ಪ್ರಿಂಟಿಗಾಗಿ ಇಷ್ಟೆಲ್ಲ ಒದ್ದಾಡಬೇಡಿ, ಲೇಸರ್ ಲ್ಯಾಬು ಅಗ್ಗಕ್ಕೆ, ಇದಕ್ಕಿಂತ ಚೆನ್ನಾಗಿ ಮಾಡಿಕೊಡುತ್ತದೆ. ಈ ಸಾಹಸ ಕಪ್ಪು-ಬಿಳುಪಿಗೇ ಸರಿ. ಮಲ್ಟಿಗ್ರೇಡ್ ಕಾಗದಕ್ಕೆ ಹಸಿರು ಬೆಳಕು ಹೆಚ್ಚಿಸಿದರೆ ಚಿತ್ರ ಮೃದು, ನೀಲಿ ಹೆಚ್ಚಿಸಿದರೆ ಗಡುಸು. ಹಾಗಾಗಿ ಎರಡೂ ಬಣ್ಣದ ಎಲ್‌ಇಡಿ ಇರಲಿ, ಫಲಕದ ಜೊತೆಗೆ ಎಚ್‌ಡಿಎಂಐ ಬೋರ್ಡನ್ನೂ ಕೇಳಿ ಪಡೆಯಿರಿ. ಕಂಪ್ಯೂಟರಿನಲ್ಲಿ ಚಿತ್ರವನ್ನು ನೆಗೆಟಿವ್ ಮಾಡಿಕೊಂಡು ಮೊದಲು ಒಂದು ಬೂದುಪಟ್ಟಿಯನ್ನೇ ಪ್ರಿಂಟ್ ಹಾಕಿ ನೋಡಿ, ಮುಖಚಿತ್ರ ಆಮೇಲಾಗಲಿ.