ಮೂರು ಮಹಡಿ, ಒಂದು ಲ್ಯಾನ್ ವೈರು

ನಾಯಂಡಹಳ್ಳಿಯ ಮನೆಗಳು ಅಗಲಕ್ಕೆ ಬೆಳೆಯುವುದಿಲ್ಲ, ಎತ್ತರಕ್ಕೆ ಬೆಳೆಯುತ್ತವೆ. ಇಪ್ಪತ್ತು ಮೂವತ್ತರ ಸೈಟು, ಕೆಳಗೆ ಬಾಡಿಗೆಗೆ ಒಂದು ಮನೆ, ಮೊದಲ ಮಹಡಿಯಲ್ಲಿ ಮಾಲೀಕರು, ಅದರ ಮೇಲೆ ಮಗನ ಸಂಸಾರ, ತಾರಸಿಯಲ್ಲೊಂದು ರೂಮು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿವರೆಗೆ ಹೋದ ಮೇಲೆ ಆ ತಾರಸಿ ರೂಮಿಗೂ ಲ್ಯಾಪ್‌ಟಾಪ್ ಹಿಡಿದವರು ಬಂದಿದ್ದಾರೆ. ನೆಟ್‌ನವನು ಮಾತ್ರ ಕಂಬದಿಂದ ಎಳೆದ ಫೈಬರನ್ನು ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಪಕ್ಕಕ್ಕೆ ತಂದು, ಅಲ್ಲೇ ಒಂದು ಮೊಳೆಗೆ ತನ್ನ ಡಬ್ಬಿ ನೇತುಹಾಕಿ ಹೋಗುತ್ತಾನೆ. ಮೇಲಿನವರ ಫೋನಿನಲ್ಲಿ ವೈಫೈನ ಒಂದು ಗೆರೆ ಉಳಿದರೆ ಅದೇ ಪುಣ್ಯ.

ಇದಕ್ಕೆ ಅಂಗಡಿಯವರು ಕೊಡುವ ಮದ್ದು ಮೆಶ್. ಮಹಡಿಗೊಂದು ಬಿಳಿ ಡಬ್ಬಿ. ಹೆಸರು ಒಂದೇ, ಪಾಸ್‌ವರ್ಡ್ ಒಂದೇ, ಮೆಟ್ಟಿಲು ಹತ್ತಿದಂತೆ ಫೋನು ತಾನಾಗಿ ಡಬ್ಬಿ ಬದಲಿಸಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಇಷ್ಟು ಚದರಡಿಗೆ ಸಾಕು ಎಂದು ಬರೆದಿರುತ್ತಾರೆ. ಆ ಲೆಕ್ಕ ಮರದ ಚೌಕಟ್ಟಿಗೆ ಹಲಗೆ ಹೊಡೆದ ಮನೆಗೆ ಹೊಂದೀತು. ನಮ್ಮದು ಕಂಬಿ ಕಟ್ಟಿ ಮೋಲ್ಡಿಂಗ್ ಹಾಕಿದ ಛಾವಣಿ. 5 ಗಿಗಾಹರ್ಟ್ಸ್ ಅಲೆಗೆ ಒಂದು ಛಾವಣಿ ದಾಟುವುದೇ ಕಷ್ಟ, ಎರಡರ ಮಾತು ಬಿಡಿ. 2.4 ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು ಮೂರೇ: 1, 6, 11. ಗೋಡೆಗೆ ಗೋಡೆ ಅಂಟಿದ ನಮ್ಮ ಬೀದಿಗಳಲ್ಲಿ ಎಲ್ಲ ಮನೆಗಳ ವೈಫೈಯೂ ಆ ಮೂರರಲ್ಲೇ ಒತ್ತರಿಸಿಕೊಂಡು ಕೂತಿದೆ. ಸಾಲದ್ದಕ್ಕೆ, ಮಧ್ಯದ ಡಬ್ಬಿ ಕೆಳಗಿನಿಂದ ಕೇಳಿಸಿಕೊಂಡದ್ದನ್ನು ಅದೇ ರೇಡಿಯೊದಲ್ಲಿ ಮೇಲಕ್ಕೆ ಹೇಳಬೇಕಾದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆಂದೇ ಇನ್ನೊಂದು ರೇಡಿಯೊ ಇಟ್ಟ ದುಬಾರಿ ಸೆಟ್ಟುಗಳಿವೆ. ಅವು ಆ ನಷ್ಟ ತಗ್ಗಿಸುತ್ತವೆ, ಛಾವಣಿಯನ್ನು ತೆಳ್ಳಗೆ ಮಾಡುವುದಿಲ್ಲ.

ಹಾಗಾಗಿ ಮೆಶ್ ಕೊಳ್ಳಿ, ಆದರೆ ಡಬ್ಬಿಯಿಂದ ಡಬ್ಬಿಗೆ ಲ್ಯಾನ್ ವೈರು ಎಳೆಸಿ. ವೈರ್ಡ್ ಬ್ಯಾಕ್‌ಹಾಲ್ ಎನ್ನುವುದು ಇದಕ್ಕೇ. ಆಗ ರೇಡಿಯೊದ ಕೆಲಸ ರೂಮಿನೊಳಗೆ ಮುಗಿಯುತ್ತದೆ. ವೈರ್‌ಲೆಸ್ ಸಾಮಾನಿಗೆ ವೈರೇ ಎಂದು ಮೂಗು ಮುರಿಯುವವರು ಎತರ್ನೆಟ್ಟಿನ ಹುಟ್ಟನ್ನು ನೋಡಬೇಕು. ಹವಾಯಿ ದ್ವೀಪಗಳ ನಡುವೆ ನಾರ್ಮನ್ ಅಬ್ರಾಮ್ಸನ್ 1971ರಲ್ಲಿ ಶುರುಮಾಡಿದ ಅಲೋಹಾನೆಟ್ ಎಂಬ ರೇಡಿಯೊ ಜಾಲವನ್ನು ಅಭ್ಯಾಸ ಮಾಡಿದ ಬಾಬ್ ಮೆಟ್‌ಕಾಫ್, 1973ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಅದೇ ಯೋಚನೆಯನ್ನು ತಿದ್ದಿ ಕೇಬಲ್ಲಿನೊಳಗೆ ಇಳಿಸಿದರು. ವೈರು ಮತ್ತು ರೇಡಿಯೊ ಆಗಿನಿಂದಲೂ ಒಂದೇ ಮನೆತನ.

ವೈರು ಕೊಳ್ಳುವಾಗ ನಾನು ಜಗಳಗಂಟ. ಎಸ್.ಪಿ. ರಸ್ತೆಯಲ್ಲಿ ಕ್ಯಾಟ್ 6 ಎಂದು ಬರೆದ 305 ಮೀಟರಿನ ಪೆಟ್ಟಿಗೆ ತೀರಾ ಅಗ್ಗಕ್ಕೆ ಸಿಕ್ಕಿತೆಂದರೆ ಅದು ಸಿಸಿಎ ಇರಬಹುದು, ಅಂದರೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ಪೆಟ್ಟಿಗೆ ಎತ್ತಿದರೇ ಹಗುರ. ಎಳೆಯ ತುದಿಯನ್ನು ಬ್ಲೇಡಿನಿಂದ ಹೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಕೆಲವು ಸಲ ಬಾಗಿಸಿದರೆ ಮುರಿಯುತ್ತದೆ, ಅದರಲ್ಲಿ ಕರೆಂಟನ್ನೂ ಕಳಿಸಿದರೆ ಬಿಸಿಯಾಗುತ್ತದೆ. ಮೂರು ಮಹಡಿಗೆ ಪೆಟ್ಟಿಗೆಯೇ ಬೇಕಿಲ್ಲ, ಅಪ್ಪಟ ತಾಮ್ರದ್ದನ್ನು ಮೀಟರ್ ಲೆಕ್ಕದಲ್ಲಿ ತನ್ನಿ. ಕ್ಯಾಟ್ 6ರಲ್ಲಿ 1 ಗಿಗಾಬಿಟ್ 100 ಮೀಟರ್ ಓಡುತ್ತದೆ, 10 ಗಿಗಾಬಿಟ್ ಕೂಡ 55 ಮೀಟರ್‌ವರೆಗೆ.

ಪ್ಲಗ್ಗಿನ ವಿಷಯ ನಾಯಂಡಹಳ್ಳಿಗೆ ವಿಶೇಷ. ವೃಷಭಾವತಿ ಪಕ್ಕದಲ್ಲೇ ಹರಿಯುತ್ತದೆ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನೂ ತಾಮ್ರವನ್ನೂ ಕಪ್ಪಾಗಿಸುತ್ತದೆ. ಹೊಳೆಬದಿಯಲ್ಲಿ ದೇವರ ಮನೆಯ ದೀಪ ಉಜ್ಜುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪ್ಲಗ್ಗಿನ ಪಿನ್ನುಗಳಿಗೆ ಚಿನ್ನ ಬಳಿಯುವುದು ಶೋಕಿಗಲ್ಲ, ಇಂಥ ಗಾಳಿಗೆ ಕೆಡದಿರಲಿ ಎಂದು. ಒಳ್ಳೆಯ ಪ್ಲಗ್ಗಿನಲ್ಲಿ ಲೇಪ 50 ಮೈಕ್ರೋಇಂಚು ಇರುತ್ತದೆ, ಅಗ್ಗದ್ದರಲ್ಲಿ ಹೆಸರಿಗೆ ಮಾತ್ರ. ಕ್ರಿಂಪ್ ಮಾಡುವ ಹುಡುಗರು ಬಣ್ಣದ ಸಾಲನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ನಿಂತು ಕೇಳಲು ಚೆಂದ.

ಇನ್ನು ಸ್ವಿಚ್ಚು. ಕೆಳಗಿನಿಂದ ಮಹಡಿಗೊಂದು ವೈರು ಕವಲೊಡೆಯಲು ಅದು ಬೇಕು. ಸಾದಾದ್ದೇ ಸಾಕು ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲ. ಮ್ಯಾನೇಜ್ಡ್ ಸ್ವಿಚ್ಚಿನ ಪಕ್ಷದವರು ಬಾಯಿ ಬಿಟ್ಟರೆ ವಿಲ್ಯಾನ್ ಎನ್ನುತ್ತಾರೆ: ಒಂದೇ ವೈರಿನಲ್ಲಿ ಮನೆಯವರದು, ಕ್ಯಾಮೆರಾಗಳದು, ಅತಿಥಿಗಳದು ಎಂದು ಜಾಲಗಳನ್ನು ಬೇರೆಬೇರೆಯಾಗಿ ಓಡಿಸುವ ಉಪಾಯ, 1998ರಿಂದ ಅದಕ್ಕೆ 802.1ಕ್ಯೂ ಎಂಬ ಮಾನಕವಿದೆ. ಗೇಟಿನ ಕ್ಯಾಮೆರಾ ಯಾವುದೋ ದೇಶದ ಸರ್ವರಿನೊಂದಿಗೆ ಮಾತಾಡುವ ಕಾಲದಲ್ಲಿ ಅದನ್ನು ಲ್ಯಾಪ್‌ಟಾಪಿನಿಂದ ದೂರ ಇಡುವುದು ಒಳ್ಳೆಯದೇ. ಆದರೆ ನಾನು ದುಡ್ಡು ಕೊಡುವುದು ಅದಕ್ಕಲ್ಲ, ಯಾವ ಪೋರ್ಟು ಎಷ್ಟು ವೇಗದಲ್ಲಿದೆ ಎಂದು ತೋರಿಸುವ ಆ ಸ್ವಿಚ್ಚಿನ ಪೋರ್ಟ್ ಪುಟಕ್ಕೆ.

ಗಿಗಾಬಿಟ್‌ಗೆ ಎಂಟೂ ಎಳೆ ಬೇಕು. ನೀಲಿಯೋ ಕಂದೋ ಒಂದು ಕಿತ್ತುಹೋದರೆ ಬಹಳಷ್ಟು ಸಾಧನಗಳು ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿದು ಉಳಿದ ನಾಲ್ಕು ಎಳೆಯಲ್ಲಿ ಕೆಲಸ ನಡೆಸುತ್ತವೆ. ಮೇಲಿನವರು ನೆಟ್‌ನವನನ್ನು ಕರೆಸುತ್ತಾರೆ. ಅವನು ಮೆಟ್ಟಿಲ ಕೆಳಗೆ ನಿಂತು ಪರೀಕ್ಷೆ ಮಾಡಿ, "ಇಲ್ಲಿ ಫುಲ್ ಸ್ಪೀಡ್ ಬರ್ತಿದೆ ಸಾರ್, ನಿಮ್ ಫೋನೇ ಪ್ರಾಬ್ಲಂ" ಎಂದು ಹೊರಡುತ್ತಾನೆ. ಪೋರ್ಟ್ ಪುಟ ತೆರೆದರೆ 1000 ಇರಬೇಕಾದಲ್ಲಿ 100 ಎಂದಿರುತ್ತದೆ, ಜಗಳ ಅಲ್ಲಿಗೆ ಮುಗಿಯಿತು. ಕೇಬಲ್ ಟೆಸ್ಟ್ ಇರುವ ಮಾಡೆಲ್ ಆದರೆ ವೈರಿನೊಳಗೆ ಒಂದು ಮಿಡಿತ ಕಳಿಸಿ, ಅದು ಕಡಿದ ತುದಿಗೆ ಬಡಿದು ಮರಳಲು ತೆಗೆದುಕೊಂಡ ಸಮಯದಿಂದ ದೂರವನ್ನು ಅಂದಾಜು ಮಾಡುತ್ತದೆ: ಯಾವ ಜೋಡಿ, ಎಷ್ಟನೇ ಮೀಟರು. ಗೋಡೆ ಒಡೆಯದೆ ನೇರ ಆ ಜಂಕ್ಷನ್ ಬಾಕ್ಸಿಗೆ ಕೈ ಹಾಕಬಹುದು. ಇಂಥ ಪುಟ ಇರುವ ಎಂಟು ಪೋರ್ಟಿನ, ಫ್ಯಾನಿಲ್ಲದ, ಲೋಹದ ಮೈಯ ಸ್ವಿಚ್ಚು ಮನೆಗೆ ಧಾರಾಳ. ಇಪ್ಪತ್ನಾಲ್ಕು ಪೋರ್ಟಿನದನ್ನು ಮನೆಗೆ ತರುವವರು ನನ್ನ ಸ್ನೇಹಿತರಲ್ಲೂ ಇದ್ದಾರೆ. ಅದು ಬೇರೆಯೇ ಕಾಯಿಲೆ.

ಮೆಶ್ಶೂ ಮ್ಯಾನೇಜ್ಡ್ ಸ್ವಿಚ್ಚೂ ಒಂದೇ ಸೂರಿನಡಿ ಬಂದಾಗ ಒಂದು ತಕರಾರು ಏಳುವುದುಂಟು. ಡಬ್ಬಿಗಳಿಗೆ ಈಗ ರೇಡಿಯೊ, ವೈರು ಎರಡೂ ದಾರಿ. ವೈರು ಸಿಕ್ಕಿದೆ ಎಂದು ಪರಸ್ಪರ ತಿಳಿಸಿಕೊಂಡು ಒಂದನ್ನು ಬಿಡಬೇಕು. ಟಿಪಿ-ಲಿಂಕಿನ ಡೆಕೊದಂಥ ಸೆಟ್ಟುಗಳು ಇದಕ್ಕೆ ಐಇಇಇ 1905.1 ಎಂಬ ಪದ್ಧತಿಯ ಸಂದೇಶ ಕಳಿಸುತ್ತವೆ. ಕೆಲವು ಸ್ವಿಚ್ಚುಗಳು ಆ ಸಂದೇಶವನ್ನು ಮುಂದಕ್ಕೆ ಬಿಡುವುದಿಲ್ಲ. ಆಗ ಅಪ್ಪಟ ತಾಮ್ರ ಎಳೆದಿದ್ದರೂ ಡಬ್ಬಿಗಳು ರೇಡಿಯೊದಲ್ಲೇ ಮಾತಾಡುತ್ತಿರುತ್ತವೆ, ಇಲ್ಲವೇ ಎರಡೂ ದಾರಿ ತೆರೆದುಕೊಂಡು ಒಂದೇ ಸಂದೇಶ ಸುತ್ತುಹೊಡೆದು ಇಡೀ ಮನೆಯ ನೆಟ್ ನಿಲ್ಲುತ್ತದೆ. ಆ್ಯಪಿನಲ್ಲಿ ಪ್ರತಿ ಡಬ್ಬಿಯ ಎದುರು ಎತರ್ನೆಟ್ ಎಂದಿದೆಯೇ ನೋಡಿ. ಸುತ್ತು ಕಡಿಯುವ ಸ್ಪ್ಯಾನಿಂಗ್ ಟ್ರೀ ಸ್ವಿಚ್ಚಿನಲ್ಲಿ ಚಾಲೂ ಇರಲಿ. ಅದನ್ನು 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ರೂಪಿಸಿದರು, ಜೊತೆಗೆ ಅದರ ಮೇಲೊಂದು ಪದ್ಯವನ್ನೂ ಬರೆದರು. ಎಂಜಿನಿಯರುಗಳಿಗೆ ಇಷ್ಟಾದರೂ ರಸಿಕತೆ ಬೇಕು.

ಕರೆಂಟು ಹೋದಾಗ ಸ್ವಿಚ್ಚಿಗೆ, ಪ್ರತಿ ಡಬ್ಬಿಗೆ ಯುಪಿಎಸ್ ಬೇಕು. ಲ್ಯಾನ್ ವೈರಿನಲ್ಲೇ ಕರೆಂಟು ಕಳಿಸುವ ಪಿಒಇ ಸ್ವಿಚ್ಚು ತಂದರೆ ಕೆಳಗಿನ ಒಂದೇ ಯುಪಿಎಸ್ ಮೂರು ಮಹಡಿಯನ್ನೂ ನೋಡಿಕೊಳ್ಳುತ್ತದೆ. 2003ರ ಮಾನಕದಲ್ಲೇ ಪೋರ್ಟಿಗೆ 15.4 ವ್ಯಾಟ್ ಇದೆ. ಮನೆಗೆಂದು ಮಾರುವ ಮೆಶ್ ಡಬ್ಬಿಗಳಲ್ಲಿ ಹೆಚ್ಚಿನವು ಹೀಗೆ ಕರೆಂಟು ತೆಗೆದುಕೊಳ್ಳುವುದಿಲ್ಲ, ಕೇಳಿ ತನ್ನಿ.

ಮನೆ ಕಟ್ಟಿಸುತ್ತಿರುವವರು ಮೋಲ್ಡಿಂಗಿಗೆ ಮೊದಲೇ ಪ್ರತಿ ಮಹಡಿಗೆ ಒಂದು ಬೇರೆ ಪೈಪು ಹಾಕಿಸಲಿ. ಹೇಳದಿದ್ದರೆ ಎಲೆಕ್ಟ್ರಿಷಿಯನ್ ಲ್ಯಾನ್ ವೈರನ್ನು ಕರೆಂಟಿನ ಪೈಪಿಗೇ ತೂರಿಸುತ್ತಾನೆ, ಅದು ಕೂಡದು. ಕಟ್ಟಿ ಆದ ಮನೆಯಲ್ಲಿ ಹಳೆಯ ಡಿಶ್ ವೈರಿನ ಪೈಪು ತಾರಸಿಯಿಂದ ಟಿವಿವರೆಗೆ ಇದ್ದೇ ಇರುತ್ತದೆ. ಆ ವೈರಿನ ಮೇಲಿನ ತುದಿಗೆ ಲ್ಯಾನ್ ವೈರು ಬಿಗಿದು ಕೆಳಗಿನಿಂದ ಎಳೆದರೆ ಹಳೆಯದು ಹೊರಗೆ, ಹೊಸದು ಒಳಗೆ. ಎಳೆಯುವ ಮೊದಲು, ಅಮ್ಮ ಸಂಜೆಯ ಧಾರಾವಾಹಿಯನ್ನು ಇನ್ನೂ ಡಿಶ್‌ನಲ್ಲೇ ನೋಡುತ್ತಿದ್ದಾರೆಯೇ ಎಂದು ವಿಚಾರಿಸಿ.